ಅಜ್ಜಿಯ ಸುತ್ತ ಒಂದು ಕೆಂಪು ಸೊನ್ನೆ

ನಿಮ್ಮಲ್ಲಿ ಎಷ್ಟು ಜನ ಕಂಪ್ಯೂಟರಿನ ಮುಖದ ಮೇಲೆಯೇ ಗೀಚಿದ್ದೀರೋ ನನಗೆ ಗೊತ್ತಿಲ್ಲ. ಸ್ಕೆಚ್ ಪೆನ್ನು ಹಿಡಿದು ಗೀಚುವ ಮಾತಲ್ಲ. ಹಾಗೆ ಗೀಚುವವರನ್ನು ಮನೆಯವರು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾರೆ. ನಾನು ಹೇಳುತ್ತಿರುವುದು ಒಂದು ಪುಟ್ಟ ಸಾಫ್ಟ್‌ವೇರಿನ ವಿಷಯ. ಅದು ಪೆನ್‌ಡ್ರೈವಿನಲ್ಲಿ, ಪೆನ್‌ಡ್ರೈವು ನನ್ನ ಜೇಬಿನಲ್ಲಿ. ಕಂಪ್ಯೂಟರಿಗೆ ಚುಚ್ಚಿ ಎರಡು ಸಲ ಒತ್ತಿದರೆ ಪರದೆಯ ಅಂಚಿಗೆ ಒಂದು ಬಣ್ಣದ ಡಬ್ಬಿ ಬಂದು ಕೂರುತ್ತದೆ. ಆಮೇಲೆ ಮೌಸೇ ಬಳಪ. ಪರದೆಯ ಮೇಲೆ ಏನೇ ಇರಲಿ, ವಾರ್ತೆಯೋ ವರ್ಷಾಂತ್ಯದ ತೆರಿಗೆ ಅರ್ಜಿಯೋ ಮದುವೆಯ ಫೋಟೋವೋ, ಅದರ ಮೇಲೆ ನೇರವಾಗಿ ಗೆರೆ ಎಳೆಯಬಹುದು. ಒಂದು ಗುಂಡಿ ಒತ್ತಿದರೆ ಎಳೆದದ್ದೆಲ್ಲ ಮಾಯ. ಕೆಳಗಿದ್ದದ್ದು ಏನೂ ಆಗಿಲ್ಲವೆಂಬಂತೆ ಹಾಗೆಯೇ ಇರುತ್ತದೆ.

ನಿವೃತ್ತಿಯಾದ ಮನುಷ್ಯನ ಕೈಗೆ ಇಂಥದ್ದು ಸಿಕ್ಕರೆ ಏನಾಗುತ್ತದೆ ಎಂದು ನೀವೇ ಊಹಿಸಿ. ಮೊದಲ ದಿನ ಕಸದ ಬುಟ್ಟಿಯ ಚಿತ್ರಕ್ಕೆ ನಾಲ್ಕು ಕಾಲು, ಒಂದು ಬಾಲ ಬರೆದೆ. ಎರಡನೆಯ ದಿನ ವಾರ್ತೆ ಓದುವ ಮಹಾಶಯನಿಗೆ ಮೀಸೆ ಬಂತು, ಅವನ ಎದುರು ಕೂತು ಕಿರುಚಾಡುತ್ತಿದ್ದ ಮೂವರಿಗೂ ಬಾಯಿಗೆ ಬೀಗ ಬಿತ್ತು. ಮೂರನೆಯ ದಿನ ನನ್ನ ಭಾವಮೈದುನ ದಿನಾ ಬೆಳಿಗ್ಗೆ ಕಳಿಸುವ ಶುಭೋದಯದ ಗುಲಾಬಿಗೆ ಹಲ್ಲು ಬರೆದು ಅವನಿಗೇ ವಾಪಸು ಕಳಿಸಿದೆ. ಅವನು ಒಂದು ವಾರ ಶುಭೋದಯ ಹೇಳಲಿಲ್ಲ, ಆ ವಾರ ನಿಜವಾಗಿಯೂ ಶುಭವಾಗಿತ್ತು.

ಇದರಲ್ಲಿ ಇನ್ನೊಂದು ಸುಖವಿತ್ತು. ನಮ್ಮ ಮನೆಯ ಕಂಪ್ಯೂಟರಿನ ಗುಪ್ತ ಸಂಖ್ಯೆ ನನ್ನ ಹೆಂಡತಿ ವನಜಾಳ ಹತ್ತಿರವಿದೆ. ಹಿಂದೊಮ್ಮೆ ನಾನು ಚೆಸ್ ಆಡಲೆಂದು ಏನನ್ನೋ ಇಳಿಸಿಕೊಳ್ಳಲು ಹೋಗಿ, ಪರದೆಯ ತುಂಬಾ ಬೊಜ್ಜು ಕರಗಿಸುವ ಜಾಹೀರಾತುಗಳು ಬಂದು ಕೂತಿದ್ದವು. ಅಂದಿನಿಂದ ಅವಳ ಅಪ್ಪಣೆಯಿಲ್ಲದೆ ಆ ಯಂತ್ರಕ್ಕೆ ಹೊಸದೇನನ್ನೂ ಹಾಕುವಂತಿಲ್ಲ. ಈ ಸಾಫ್ಟ್‌ವೇರು ಹಾಕಿಸಿಕೊಳ್ಳುವುದೇ ಇಲ್ಲ. ಪೆನ್‌ಡ್ರೈವಿನಲ್ಲೇ ಕೂತು ಕೆಲಸ ಮುಗಿಸಿ ಪೆನ್‌ಡ್ರೈವಿನಲ್ಲೇ ಎದ್ದು ಹೋಗುತ್ತದೆ. ಹಾಸಿಗೆ ಕೇಳದ ನೆಂಟನ ಹಾಗೆ. ವನಜಾಳಿಗೆ ಗೊತ್ತಾದಾಗ ಅವಳು ನನ್ನನ್ನು ನೋಡಿದ ನೋಟವನ್ನು ನಾನಿಲ್ಲಿ ಬರೆಯುವುದಿಲ್ಲ.

ಇದನ್ನು ಕೊಟ್ಟವಳು ಶೋಭಾ, ನನ್ನ ಹಳೆಯ ವಿದ್ಯಾರ್ಥಿನಿ. ಚಂದ್ರಾ ಲೇಔಟಿನಲ್ಲಿ ಜೀವಶಾಸ್ತ್ರದ ಟ್ಯೂಷನ್ ನಡೆಸುತ್ತಾಳೆ. ಅಲ್ಲಿನ ದರ್ಶಿನಿಯಲ್ಲಿ ಸಿಕ್ಕವಳು ಕಾಫಿ ಕುಡಿಸಿ, ಬನ್ನಿ ಸಾರ್ ಎಂದು ಪಕ್ಕದಲ್ಲೇ ಇದ್ದ ತನ್ನ ಕೋಣೆಗೆ ಕರೆದುಕೊಂಡು ಹೋಗಿ, ಪರದೆಯ ಮೇಲಿದ್ದ ಹೃದಯದ ಚಿತ್ರಕ್ಕೆ ಸುತ್ತ ಗೆರೆ ಎಳೆದು ತೋರಿಸಿದಳು. ಎಂಟನೆಯ ಕ್ಲಾಸಿನಲ್ಲಿ ಅವಳ ಸೊನ್ನೆಗಳೆಲ್ಲ ಆಲೂಗಡ್ಡೆಯಂತಿರುತ್ತಿದ್ದವು. ಈಗಲೂ ಹಾಗೆಯೇ ಇದ್ದವು, ಆದರೆ ಮಕ್ಕಳು ಡಾಕ್ಟರಾಗುತ್ತಿದ್ದಾರಂತೆ. ಪೆನ್‌ಡ್ರೈವನ್ನು ಕೈಗಿಡುವಾಗ ಅವಳು ಒಂದು ಮಾತು ಹೇಳಿದಳು. "ಸಾರ್, ಇದು ಗಾಜಿನ ಮೇಲೆ ಬರ್ದಂಗೆ. ಕೆಳಗಿರೋದಕ್ಕೂ ಇದಕ್ಕೂ ಸಂಬಂಧ ಇರಲ್ಲ, ನೆನಪಿಟ್ಕೊಳಿ." ಪಾಠ ಹೇಳಿ ಅಭ್ಯಾಸವಾದವರು ಪಾಠ ಹೇಳಿಸಿಕೊಳ್ಳುವಾಗ ತಲೆಯನ್ನಷ್ಟೇ ಆಡಿಸುತ್ತಾರೆ. ನಾನೂ ಆಡಿಸಿದೆ.

ನಾನು ಮೂವತ್ತೊಂದು ವರ್ಷ ವಿಜಯನಗರದ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವನು. ಡ್ರಾಯಿಂಗ್ ಮೇಷ್ಟ್ರು ಎಂದರೆ ಏನೆಂದು ತಿಳಿಯದವರಿಗೆ ಹೇಳುತ್ತೇನೆ: ಗಣಿತದ ಮೇಷ್ಟ್ರಿಗೆ ಪೋರ್ಷನ್ ಮುಗಿಯದಿದ್ದಾಗ ಯಾರ ಪೀರಿಯಡ್ಡನ್ನು ಕಿತ್ತುಕೊಳ್ಳುತ್ತಾರೋ ಅವನು. ಸ್ಟಾಫ್ ರೂಮಿನಲ್ಲಿ ನನ್ನ ಕುರ್ಚಿ ನೀರಿನ ಫಿಲ್ಟರಿನ ಪಕ್ಕದಲ್ಲಿತ್ತು, ಲೋಟ ತೊಳೆದವರೆಲ್ಲ ನನ್ನ ಮೇಲೆ ಕೈ ಕೊಡವಿ ಹೋಗುತ್ತಿದ್ದರು. ಎರಡು ಗುಡ್ಡ, ನಡುವೆ ಸೂರ್ಯ, ಕೆಳಗೆ ಒಂದು ಗುಡಿಸಲು, ಪಕ್ಕದಲ್ಲಿ ಹೊಳೆ. ಮೂವತ್ತೊಂದು ವರ್ಷ ಅದೇ ಸೂರ್ಯನನ್ನು ಅದೇ ಗುಡ್ಡಗಳ ಸಂದಿಯಿಂದ ಎಬ್ಬಿಸಿದೆ. ವಿಜಯನಗರದ ಆ ಮಕ್ಕಳು ನೋಡಿದ್ದ ಒಂದೇ ಹೊಳೆಯೆಂದರೆ ವೃಷಭಾವತಿ, ಅದನ್ನು ಬರೆಯಲು ಕಪ್ಪು ಕ್ರೇಯಾನು ಸಾಕು. ಒಬ್ಬ ಹುಡುಗಿ ಹಾಗೆಯೇ ಬರೆದಳು. ನಾನು ಅವಳಿಗೆ ಅತಿ ಹೆಚ್ಚು ಅಂಕ ಕೊಟ್ಟು ಹೆಡ್‌ಮಾಸ್ಟರರಿಂದ ಬೈಸಿಕೊಂಡೆ.

ಗೀಚುವ ಚಟ ಸಣ್ಣಂದಿನದು. ನಾವು ಬೆಂಗಳೂರಿನ ಅಂಚಿನ ಉಲ್ಲಾಳದವರು. ಈಗ ಬಸ್ಸಿಗೆ ಬೋರ್ಡು ಹಾಕಿಕೊಂಡು ಬರುವ ಉಲ್ಲಾಳವಲ್ಲ, ಹೊಲದ ನಡುವೆ ಊರು ಇದ್ದ ಕಾಲದ ಉಲ್ಲಾಳ. ಅಪ್ಪನ ತಾಯಿ ಸಾಕಮ್ಮಜ್ಜಿ ಮನೆಗೆ ಯಜಮಾನಿ. ಬೀದಿಗೂ ಅವಳೇ ಯಜಮಾನಿ ಎಂದು ಬೀದಿಯವರು ಒಪ್ಪದಿದ್ದರೂ ಅಜ್ಜಿ ಒಪ್ಪಿಕೊಂಡಿದ್ದಳು. ಒಂದು ಯುಗಾದಿಗೆ ಮನೆಗೆಲ್ಲ ಸುಣ್ಣ ಹೊಡೆಸಿದ್ದಳು. ಅಷ್ಟು ಬೆಳ್ಳಗಿನ ಗೋಡೆಯನ್ನು ನಾನು ಅದುವರೆಗೆ ನೋಡಿರಲಿಲ್ಲ. ಒಲೆಯಿಂದ ಇದ್ದಿಲು ತಂದು, ಕೋಲು ಹಿಡಿದು ಬೈಯುತ್ತಿರುವ ಅಜ್ಜಿಯ ಚಿತ್ರವನ್ನು ನನ್ನ ಎತ್ತರಕ್ಕೆ ಬರೆದೆ. ಅಜ್ಜಿ ಬಂದು ನೋಡಿದಳು. ಬಹಳ ಹೊತ್ತು ನೋಡಿ, ಮೂಗು ಇಷ್ಟು ದಪ್ಪ ಇಲ್ಲ ಅಂದಳು. ಆಮೇಲೆ ಚಿತ್ರದಲ್ಲಿದ್ದ ಕೋಲನ್ನು ಹೋಲುವ ಕೋಲನ್ನೇ ತಂದು ಬಾರಿಸಿದಳು. ಇಡೀ ಗೋಡೆಗೆ ನನ್ನ ಕೈಯಲ್ಲೇ ಸುಣ್ಣ ಬಳಿಸಿದಳು. ನನ್ನ ಕಲೆಗೆ ಸಿಕ್ಕ ಮೊದಲ ವಿಮರ್ಶೆ ಅದು, ಕೊನೆಯದೂ ಅದೇ. ಅನಂತರ ಯಾರೂ ಅಷ್ಟು ಹೊತ್ತು ನಿಂತು ನೋಡಲಿಲ್ಲ.

ಈಗ ಅವ್ವನ ವಿಷಯಕ್ಕೆ ಬರುತ್ತೇನೆ. ಅವ್ವನಿಗೆ ಎಂಬತ್ತನಾಲ್ಕು. ನಮ್ಮ ಜೊತೆಗೇ ಇದ್ದಾಳೆ. ಮಂಡಿ ಒಂದು ಬಿಟ್ಟರೆ ಉಳಿದದ್ದೆಲ್ಲ ಜೋರಾಗಿದೆ, ಬಾಯಂತೂ ಹೇಳುವುದೇ ಬೇಡ. ನಾನು ಪರದೆಯ ಮೇಲೆ ಗೀಚುವಾಗ ಹಿಂದೆ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದಳು. ಒಂದು ದಿನ ಚಿಕ್ಕಪ್ಪನ ಫೋಟೋ ತೆಗೆಸಿ, ಅವನಿಗೆ ಕೊಂಬು ಬರಿ ಎಂದಳು. ಚಿಕ್ಕಪ್ಪ ತೀರಿಕೊಂಡು ಆರು ವರ್ಷವಾಗಿತ್ತು, ನಾನು ಹಿಂದೆಮುಂದೆ ನೋಡಿದೆ. ಅಳಿಸ್ತೀಯಲ್ಲ, ಬರಿ ಅಂದಳು. ಬರೆದೆ. ಇನ್ನೂ ಉದ್ದ ಅಂದಳು. ಕೊಂಬು ಫೋಟೋದ ಚೌಕಟ್ಟು ದಾಟಿ ಪರದೆಯ ಮೇಲಿನ ಅಂಚಿನವರೆಗೆ ಹೋಯಿತು. ಅವ್ವ ಸಮಾಧಾನದಿಂದ ಒಳಗೆ ಹೋಗಿ ಮಲಗಿದಳು.

ಚಿಕ್ಕಪ್ಪನ ಮೇಲಿನ ಸಿಟ್ಟಿಗೆ ಕಾರಣವಿತ್ತು. ನಮ್ಮ ಕಡೆ ಸತ್ತವರನ್ನು ಸುಡುವುದಿಲ್ಲ, ಸ್ವಂತ ಹೊಲದಲ್ಲೇ ಮಣ್ಣು ಮಾಡಿ ಮೇಲೊಂದು ಕಲ್ಲು ನಿಲ್ಲಿಸುತ್ತೇವೆ. ಸಾಕಮ್ಮಜ್ಜಿಗೂ ಹಾಗೆಯೇ ಮಾಡಿದ್ದೆವು. ಅಪ್ಪ ಹೋದಮೇಲೆ ಹೊಲ ಚಿಕ್ಕಪ್ಪನ ಯಜಮಾನಿಕೆಗೆ ಬಂತು, ಅವನು ಅದನ್ನು ಲೇಔಟಿನವರಿಗೆ ಕೊಟ್ಟ, ಅವರು ಜೆಸಿಬಿ ತಂದರು. ಕಲ್ಲು ಎಲ್ಲಿ ಹೋಯಿತೆಂದು ಕೇಳಿದರೆ, ಅಜ್ಜಿ ಸ್ವರ್ಗದಲ್ಲಿದಾಳೆ ಬಿಡು ಅಂದನಂತೆ. ಅಜ್ಜಿಯನ್ನು ಬಲ್ಲವರು ಯಾರೂ ಈ ಮಾತನ್ನು ನಂಬಲಿಲ್ಲ.

ಮಹಾಲಯ ಅಮಾವಾಸ್ಯೆಗೆ ನಮ್ಮಲ್ಲಿ ಹಿರಿಯರ ಹಬ್ಬ. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಬಾಳೆಲೆಯ ಮೇಲೆ ಎಡೆ ಇಟ್ಟು ಬಾಗಿಲು ಮುಂದಕ್ಕೆ ಮಾಡಿ, ಅವರು ಬಂದು ಉಣ್ಣಲಿ ಎಂದು ಆಚೆ ಕೂರುತ್ತೇವೆ. ಇದರಲ್ಲಿ ಮುಚ್ಚುಮರೆ ಏನಿಲ್ಲ. ಅಜ್ಜನಿಗೆ ಒಂದು ಕಟ್ಟು ಬೀಡಿ, ಒಂದು ಪುಟ್ಟ ಬಾಟಲಿ. ಸಕ್ಕರೆ ಕಾಯಿಲೆಯಿಂದ ಹೋದ ದೊಡ್ಡಪ್ಪನಿಗೆ ಮೈಸೂರುಪಾಕು, ಇನ್ನೇನು ಹೆದರಿಕೆ ಎಂದು. ಸಾಕಮ್ಮಜ್ಜಿಗೆ ಮಟನ್ ಚಾಪ್ಸು, ಎಲೆ ಅಡಿಕೆ, ಅದರ ಜೊತೆ ಕಡ್ಡಿಪುಡಿ. ಎಲೆ ಅಡಿಕೆಗೆ ಹಾಕಿಕೊಂಡು ಅಗಿಯುವ ಆ ಹೊಗೆಸೊಪ್ಪಿನ ಪುಡಿಯಿಲ್ಲದೆ ಅಜ್ಜಿ ಒಂದು ಗಂಟೆಯೂ ಇದ್ದವಳಲ್ಲ.

ಆ ಕಡ್ಡಿಪುಡಿಯ ವಿಷಯ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ನಾನು ಐದನೆಯ ಕ್ಲಾಸಿನಲ್ಲಿದ್ದೆ. ಅಜ್ಜಿ ಹಾಸಿಗೆ ಹಿಡಿದಿದ್ದಳು. ಸಾಯುವ ಹಿಂದಿನ ಸಂಜೆ ಅವ್ವನನ್ನು ಕರೆದು ಒಂದು ಚಿಟಿಕೆ ಕಡ್ಡಿಪುಡಿ ಕೊಡು ಎಂದು ಕೇಳಿದಳಂತೆ. ಡಾಕ್ಟರು ಬೇಡ ಅಂದಿದ್ದರು, ಅವ್ವ ಕೊಡಲಿಲ್ಲ. ಬೆಳಿಗ್ಗೆ ಅಜ್ಜಿ ಇರಲಿಲ್ಲ. ಐವತ್ತು ವರ್ಷದ ಮೇಲಾಯಿತು. ಹೊಲವಿದ್ದಷ್ಟು ದಿನ ಪ್ರತಿ ಹಬ್ಬಕ್ಕೂ ಮನೆಯವರೆಲ್ಲ ಅಜ್ಜಿಯ ಕಲ್ಲಿಗೆ ಹೋಗಿ ಬರುತ್ತಿದ್ದರು. ಅವ್ವ ಮಾತ್ರ ಹೋಗುತ್ತಿರಲಿಲ್ಲ, ಒಲೆ ಮೇಲೆ ಸಾರು ಇದೆ ಎನ್ನುತ್ತಿದ್ದಳು. ಈಗ ಕಲ್ಲೇ ಇಲ್ಲದ ಕಾಲಕ್ಕೆ, ಮಂಡಿ ಕೈಕೊಟ್ಟ ವಯಸ್ಸಿಗೆ, ಹೋಗಬೇಕೆಂದು ಹಠ ಹಿಡಿದಳು. "ಮನೇಲಿ ಇಟ್ರೆ ಅವಳು ಬರಲ್ಲ ಕಣೋ. ಒಂದ್ಸಲ ಅವಳಿದ್ದ ಕಡೆಗೇ ಹೋಗಿ ಕೊಟ್ಟು ಬಂದ್ಬಿಡ್ತೀನಿ. ಕೊಡ್ದೇ ನಾನು ಹೋದ್ರೆ ಅಲ್ಲಿ ಅವಳ ಮುಖ ಹೆಂಗೆ ನೋಡ್ಲಿ."

ನಾನು ನಗುತ್ತಾ ಕೇಳಿಸಿಕೊಂಡೆ, ಆದರೆ ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವ್ವ ಅತ್ತದ್ದನ್ನು ನಾನು ಬಹಳ ಕಡಿಮೆ ನೋಡಿದ್ದೇನೆ. ನನಗೆ ಹೆದರಿಕೆಯಾಯಿತು.

ಕಂಪ್ಯೂಟರಿನಲ್ಲಿ ಉಪಗ್ರಹದಿಂದ ತೆಗೆದ ನಕ್ಷೆಯನ್ನು ತೆರೆದೆ. ನಮ್ಮ ಉಲ್ಲಾಳ ಮೇಲಿನಿಂದ ನೋಡಿದರೆ ಕಾಂಕ್ರೀಟಿನ ಚಾವಣಿಗಳ, ಕಪ್ಪು ನೀರಿನ ಟ್ಯಾಂಕುಗಳ ಊರು. ಅವ್ವನಿಗೆ ಮೊದಲು ಏನೂ ತಿಳಿಯಲಿಲ್ಲ. ಕೆರೆ ಎಲ್ಲಿ ತೋರಿಸು ಅಂದಳು. ಕೆರೆ ಇನ್ನೂ ಇತ್ತು, ಅದರ ಏರಿಯೂ ಇತ್ತು. ಏರಿಯ ಮೇಲೆ ನೀಲಿ ಗೆರೆ ಎಳೆದೆ. ಏರಿಯ ಈ ತುದಿಯಿಂದ ಮಾರಮ್ಮನ ಗುಡಿಗೆ ಹೋಗುವ ದಾರಿ ಅಂದಳು, ಗುಡಿಯೂ ಸಿಕ್ಕಿತು. ಅಲ್ಲಿಂದ ಮುಂದೆ ಅವ್ವ ಕಣ್ಣು ಮುಚ್ಚಿಕೊಂಡು ಹೇಳತೊಡಗಿದಳು, ನಾನು ಬರೆಯತೊಡಗಿದೆ. ಇಲ್ಲಿ ನಮ್ಮ ಬಾವಿ. ಇಲ್ಲಿ ಹುಣಸೇಮರ. ಇಲ್ಲಿಂದ ಇಲ್ಲಿಗೆ ಬದು. ಬಾವಿಯಿಂದ ಹೊತ್ತು ಹುಟ್ಟುವ ಕಡೆಗೆ ಮೂವತ್ತು ಮಾರು ನಡೆದರೆ ಅಜ್ಜಿಯ ಕಲ್ಲು. ಯಾರದೋ ಬಾಲ್ಕನಿಗಳ ಮೇಲೆ, ಯಾರೋ ಒಣಹಾಕಿದ ಬಟ್ಟೆಗಳ ಮೇಲೆ ನಮ್ಮ ಹೊಲ ಹಸಿರು ಬಣ್ಣದಲ್ಲಿ ಎದ್ದು ಬಂತು. ನಾನು ಮೂವತ್ತೊಂದು ವರ್ಷದಲ್ಲಿ ಬರೆದ ಯಾವ ಸೂರ್ಯೋದಯವೂ ನನಗೆ ಅಷ್ಟು ಸಂತೋಷ ಕೊಟ್ಟಿರಲಿಲ್ಲ. ಅಜ್ಜಿಯ ಜಾಗಕ್ಕೆ ಕೆಂಪು ಬಣ್ಣದಲ್ಲಿ ಒಂದು ಸೊನ್ನೆ ಹಾಕಿದೆ, ಕೈಯಲ್ಲಿ ಬಿಡಿಸಿದರೂ ಕೈವಾರದಲ್ಲಿ ಎಳೆದ ಹಾಗೆ ಬಂತು.

ಆಟೋದವನಿಗೆ ಹೇಳಲು ಗುರುತು ಬೇಕಲ್ಲ. ಗೆರೆ ಎಳೆಯುವುದನ್ನು ನಿಲ್ಲಿಸಿ, ನಕ್ಷೆಯನ್ನು ಹಿಡಿದು ಒಂಚೂರು ಪಕ್ಕಕ್ಕೆ ಎಳೆದೆ. ಅಂಚಿನಲ್ಲಿ ಒಂದು ಬೇಕರಿಯ ಹೆಸರು ಕಾಣಿಸಿತು. ಸರಿ, ಅದೇ ಗುರುತು. ಮೊಬೈಲಿನಲ್ಲಿ ಪರದೆಯ ಫೋಟೋ ತೆಗೆದುಕೊಂಡೆ.

ಅಮಾವಾಸ್ಯೆಯ ಬೆಳಿಗ್ಗೆ ಅವ್ವ, ವನಜಾ, ನಾನು, ಒಂದು ಟಿಫನ್ ಕ್ಯಾರಿಯರ್, ಬಾಳೆಲೆ, ತೆಂಗಿನಕಾಯಿ ಆಟೋದಲ್ಲಿ ಹೊರಟೆವು. ಬೇಕರಿ ಸಿಕ್ಕಿತು. ಅಲ್ಲಿಂದ ಫೋಟೋ ನೋಡಿಕೊಂಡು ನಡೆದರೆ ಕೆಂಪು ಸೊನ್ನೆ ನಮ್ಮನ್ನು ಕರೆದುಕೊಂಡು ಹೋದದ್ದು ಗಾಡಿ ತೊಳೆಯುವ ಒಂದು ಶೆಡ್ಡಿಗೆ. ಅವ್ವ ಸುತ್ತ ನೋಡಿ, ಇದೇನಾ ಅಂದಳು. ನಾನು ಮೊಬೈಲು ತೋರಿಸಿದೆ. ಅವಳು ಅದನ್ನು ನೋಡಲಿಲ್ಲ. "ನೀನು ಡ್ರಾಯಿಂಗ್ ಮೇಷ್ಟ್ರು. ನೀನು ಹಾಕಿದ ಗೆರೆ ತಪ್ಪುತ್ತಾ" ಅಂದಳು. ನಮ್ಮ ಮನೆತನದಲ್ಲಿ ನನ್ನ ಕಸುಬನ್ನು ಒಬ್ಬರು ನಂಬಿದ್ದು ಅದೇ ಮೊದಲು.

ಶೆಡ್ಡಿನ ಮಾಲೀಕರ ಹೆಸರು ಬಸಣ್ಣ. ಗದಗದ ಕಡೆಯವರು, ಹಣೆಯ ತುಂಬಾ ವಿಭೂತಿ, ಕೈಯಲ್ಲಿ ನೀರಿನ ಪೈಪು. ನಾವು ನಡೆದು ಬಂದದ್ದನ್ನು ನೋಡಿ ಗಾಡಿ ಎಲ್ಲಿದೆ ಎಂದು ಕೇಳಿದರು. ಗಾಡಿ ಇಲ್ಲ, ನಮ್ಮ ಅಜ್ಜಿಗೋಸ್ಕರ ಬಂದಿದ್ದೇವೆ ಅಂದೆ. ಅವರು ಅವ್ವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. "ಅಜ್ಜಿನ್ನ ತೊಳೀಬೇಕೇನ್ರಿ?" ವನಜಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾನು ಎಲ್ಲವನ್ನೂ ವಿವರಿಸಿದೆ. ಬಸಣ್ಣ ಪೈಪಿನ ನೀರು ನಿಲ್ಲಿಸಿ, ಚಪ್ಪಲಿ ಬಿಟ್ಟು ಬಂದು ಅವ್ವನ ಕಾಲು ಮುಟ್ಟಿದರು. ತಾನು ಮೂರು ವರ್ಷದಿಂದ ಯಾರದೋ ಸಮಾಧಿಯ ಮೇಲೆ ಸ್ಕೂಟರು ತೊಳೆಯುತ್ತಿದ್ದೆನಲ್ಲ ಎಂದು ಅವರಿಗೆ ನಿಜವಾಗಿಯೂ ನೋವಾಯಿತು.

ತೊಡಕು ಬಂದದ್ದು ಕ್ಯಾರಿಯರಿನಿಂದ. ಮುಚ್ಚಳ ಎತ್ತುತ್ತಲೇ ಚಾಪ್ಸಿನ ವಾಸನೆ ಶೆಡ್ಡಿನ ತುಂಬಾ ಹರಡಿತು. ಬಸಣ್ಣ ಎರಡು ಹೆಜ್ಜೆ ಹಿಂದೆ ಹೋದರು. ಅವರ ಕೊರಳಲ್ಲಿ ಲಿಂಗವಿತ್ತು, ಗಲ್ಲಾಪೆಟ್ಟಿಗೆಯ ಮೇಲೆ ಅವರ ಮಠದ ಸ್ವಾಮಿಗಳ ಫೋಟೋ ಇತ್ತು. ಏನು ಬೇಕಾದರೂ ಮಾಡಿಕೊಳ್ಳಿ, ಮಾಂಸ ಮಾತ್ರ ಒಳಗೆ ಬೇಡ ಎಂದು ಕೈ ಮುಗಿದರು. ಸತ್ತವಳಿಗೆ ಒಂದು ತುಂಡು ಇಡದೆ ಹೋಗುವುದಿಲ್ಲ ಎಂದು ಅವ್ವ ಕೂತುಬಿಟ್ಟಳು. ಕೊನೆಗೆ ವನಜಾಳೇ ಪಂಚಾಯಿತಿ ಮಾಡಿದಳು. ಚಾಪ್ಸಿನ ಡಬ್ಬಿ ಮುಚ್ಚಳ ಹಾಕಿಕೊಂಡು ಕಾಂಪೌಂಡಿನ ಆಚೆ ಇರುವುದು, ಅಜ್ಜಿ ವಾಸನೆ ಹಿಡಿದು ಅಲ್ಲಿಗೇ ಹೋಗಿ ತಿನ್ನುವುದು. ಒಳಗೆ ಎಲೆಯ ಮೇಲೆ ಅನ್ನ, ಪಾಯಸ, ಎಲೆ ಅಡಿಕೆ, ಕಡ್ಡಿಪುಡಿ. ಸ್ವಾಮಿಗಳ ಫೋಟೋವನ್ನು ಬಸಣ್ಣ ಸ್ವಲ್ಪ ಹೊತ್ತು ಗೋಡೆಯ ಕಡೆ ತಿರುಗಿಸಿಟ್ಟರು.

ನೀರಿನ ತೊಟ್ಟಿಯ ಪಕ್ಕ ಎಡೆ ಇಟ್ಟೆವು. ಅವ್ವ ನಿಂತುಕೊಂಡೇ ಮಾತಾಡಿದಳು. ಡಾಕ್ಟ್ರು ಬೇಡ ಅಂದಿದ್ದರು ಅತ್ತೆ, ಅದಕ್ಕೇ ಕೊಡಲಿಲ್ಲ, ಈಗ ತಂದಿದೀನಿ ತಗೋ, ಮನಸ್ಸಲ್ಲಿ ಇಟ್ಟುಕೊಳ್ಳಬೇಡ, ಇಷ್ಟೇ. ಬಸಣ್ಣ ಕಣ್ಣೊರೆಸಿಕೊಂಡರು. ನನಗೂ ಅಳು ಬಂತು. ಅವ್ವ ಅಳಲಿಲ್ಲ. ಮನೆಗೆ ಬರುವವರೆಗೂ ಮಾತಾಡಲೂ ಇಲ್ಲ. ಆಯಾಸವಿರಬೇಕು ಅಂದುಕೊಂಡೆವು.

ಮುಂದಿನ ದಿನಗಳಲ್ಲಿ ನಾನು ದೊಡ್ಡ ಮನುಷ್ಯನಾದೆ. ನೆಂಟರಿಂದೆಲ್ಲ ಫೋನು. ತಮ್ಮ ತಾತನನ್ನು ಹುಡುಕಿಕೊಡು ಎಂದು ಕೆಂಗೇರಿಯಿಂದ ಒಬ್ಬರು ಬಂದೇಬಿಟ್ಟರು, ಲಗ್ಗೆರೆಯ ಇನ್ನೊಬ್ಬರು ಮುತ್ತಜ್ಜಿಯನ್ನು ಕಾಯ್ದಿರಿಸಿದರು. ಒಂದು ತಿಂಗಳಾದ ಮೇಲೆ ಬಸಣ್ಣ ಫೋನು ಮಾಡಿ, ಅಜ್ಜಿಯ ಜಾಗದಲ್ಲಿ ಒಂದು ಕಲ್ಲು ನಿಲ್ಲಿಸಿದ್ದೇನೆ, ದಿನಾ ಊದಿನಕಡ್ಡಿ ಹಚ್ಚುತ್ತೇನೆ, ಗಾಡಿಗಳು ಹೆಚ್ಚು ಬರುತ್ತಿವೆ ಅಂದರು. ಹೋಗಿ ನೋಡಿದೆ. ಕಲ್ಲಿಗೆ ಅರಿಶಿನ ಕುಂಕುಮ, ಅದರ ಮೇಲೆ ಮೂರು ಬೆರಳಿನ ವಿಭೂತಿ ಪಟ್ಟೆ. ಮಟನ್ ಇಲ್ಲದೆ ಅಮಾವಾಸ್ಯೆ ಕಳೆಯದ ಸಾಕಮ್ಮಜ್ಜಿ ಶುದ್ಧ ಸಸ್ಯಾಹಾರಿಯಾಗಿ ನಿಂತಿದ್ದಳು. ಹೊಸ ಬೈಕು ತಂದಿದ್ದ ಒಬ್ಬ ಅದಕ್ಕೆ ಅಡ್ಡಬೀಳುತ್ತಿದ್ದ.

ಕಲ್ಲು ನಿಂತ ಜಾಗವನ್ನು ವನಜಾಳಿಗೆ ತೋರಿಸೋಣವೆಂದು ಮನೆಗೆ ಬಂದು ಮತ್ತೆ ನಕ್ಷೆ ತೆರೆದೆ. ಮೊಬೈಲಿನ ಫೋಟೋವನ್ನು ಪಕ್ಕದಲ್ಲಿಟ್ಟುಕೊಂಡೆ. ಫೋಟೋದಲ್ಲಿ ಕೆರೆ ಏರಿಗೆಂದು ನಾನು ಎಳೆದಿದ್ದ ನೀಲಿ ಗೆರೆ ಏರಿಯ ಮೇಲಿರಲಿಲ್ಲ, ಒಂದು ಸಾಲು ಮನೆಗಳ ಮೇಲಿತ್ತು. ಮಾರಮ್ಮನ ಗುಡಿಗೆ ಹಾಕಿದ್ದ ಗುರುತು ಒಂದು ಜಿಮ್ಮಿನ ಮೇಲಿತ್ತು. ಶೋಭಾ ಹೇಳಿದ್ದ ಮಾತು ಆಗ ತಲೆಗೆ ಹೋಯಿತು. ಬೇಕರಿಯ ಹೆಸರು ನೋಡಲೆಂದು ನಾನು ಎಳೆದಾಗ ನಕ್ಷೆ ಸರಿದಿತ್ತು, ಗಾಜಿನ ಮೇಲಿನ ಗೆರೆಗಳು ಇದ್ದಲ್ಲೇ ಇದ್ದವು. ಪರದೆಯ ಮೇಲೆ ಒಂದು ಅಂಗುಲ, ಉಲ್ಲಾಳದಲ್ಲಿ ಎರಡು ರಸ್ತೆ. ಬಾವಿ, ಬದು, ಹುಣಸೇಮರ, ಅಜ್ಜಿ ಎಲ್ಲರನ್ನೂ ಹೊತ್ತುಕೊಂಡು ನಮ್ಮ ಹೊಲ ಎರಡು ರಸ್ತೆ ಆಚೆ ಹೋಗಿ ಕೂತಿತ್ತು. ನಾವು ಎಡೆ ಇಟ್ಟದ್ದು ಬೇರೆಲ್ಲೋ.

ವನಜಾ ನಕ್ಕಳು. ನಿಂತು ನಕ್ಕಳು, ಕೂತು ನಕ್ಕಳು, ನೀರು ಕುಡಿದು ಮತ್ತೆ ನಕ್ಕಳು. ಆಮೇಲೆ ಗಂಭೀರಳಾಗಿ, ಅತ್ತೆಗೆ ಹೇಳಬೇಡಿ ಅಂದಳು. ನಾನು ಎರಡು ದಿನ ಹೇಳಲಿಲ್ಲ. ಮೂರನೆಯ ದಿನ ಊಟ ಬಡಿಸುವಾಗ ಅವ್ವ, ನನಗೆ ಯಾಕೋ ಕೊಟ್ಟಂಗೇ ಇಲ್ಲ ಕಣೋ ಅಂದಳು. ನಾನು ಅರ್ಧ ಊಟಕ್ಕೇ ಎದ್ದೆ. ಕೈ ತೊಳೆದು, ಅವಳನ್ನು ಕಂಪ್ಯೂಟರಿನ ಮುಂದೆ ಕೂರಿಸಿ ಎಲ್ಲವನ್ನೂ ಹೇಳಿದೆ.

ಬೈಗುಳಕ್ಕೆ ತಯಾರಾಗಿದ್ದೆ. ಅವ್ವ ಕೇಳಿದ್ದು ಬೇರೆ. ಹಾಗಾದರೆ ಆ ಶೆಡ್ಡು ಇರುವುದು ಎಲ್ಲಿ, ನಮ್ಮ ಬದುವಿನ ಈಚೆಗೋ ಆಚೆಗೋ ಅಂದಳು. ನಕ್ಷೆಯನ್ನು ಅಲ್ಲಾಡಿಸದೆ ಮತ್ತೊಮ್ಮೆ ಗೆರೆ ಎಳೆದೆ. ಆಚೆಗೆ. "ಅಯ್ಯೋ ಪಾಪಿ" ಅಂದಳು ಅವ್ವ. "ಅದು ಚಿಕ್ಕತಾಯಮ್ಮನ ಹೊಲ ಕಣೋ. ಅವಳನ್ನ ಮಣ್ಣು ಮಾಡಿದ್ದೂ ಅಲ್ಲೇ."

ಚಿಕ್ಕತಾಯಮ್ಮ ಯಾರೆಂದು ನಿಮಗೆ ಹೇಳಬೇಕು. ನಮ್ಮ ಪಕ್ಕದ ಹೊಲದವಳು, ಸಾಕಮ್ಮಜ್ಜಿಯ ಜನ್ಮವೈರಿ. ಪ್ರತಿ ಮಳೆಗಾಲದ ನಂತರವೂ ನಡುವಿನ ಬದು ಒಂದು ಗೇಣು ಆಚೆಗೋ ಈಚೆಗೋ ಸರಿದಿರುತ್ತಿತ್ತು. ಸರಿಸಿದ್ದು ಯಾರೆಂದು ಇಬ್ಬರೂ ಬದುವಿನ ಎರಡು ಬದಿ ನಿಂತು ಮಧ್ಯಾಹ್ನದವರೆಗೆ ವಿಚಾರಣೆ ನಡೆಸುತ್ತಿದ್ದರು. ಆ ಬೈಗುಳಗಳಲ್ಲಿ ಅರ್ಧದಷ್ಟನ್ನು ನಾನು ಇವತ್ತಿಗೂ ಬರೆಯುವಂತಿಲ್ಲ. ಬದು ಸರಿಸುವ ಕಲೆ ನಮ್ಮ ವಂಶದಲ್ಲೇ ಇದೆಯೆಂದೂ, ಅಜ್ಜಿ ಗುದ್ದಲಿ ಹಿಡಿದು ಮಾಡಿದ್ದನ್ನು ನಾನು ಮೌಸು ಹಿಡಿದು ಮಾಡಿದೆನೆಂದೂ ವನಜಾ ಒಳಗಿನಿಂದ ಕೂಗಿ ಹೇಳಿದಳು. ಅವ್ವನಿಗೆ ನಗು ಬರಲಿಲ್ಲ. ಐವತ್ತು ವರ್ಷ ಬಾಕಿಯಿದ್ದ ಕಡ್ಡಿಪುಡಿ ಅತ್ತೆಯ ಶತ್ರುವಿನ ಬಾಯಿಗೆ ಹೋಗಿತ್ತು. ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು.

ಬಸಣ್ಣನ ಕಲ್ಲನ್ನು ಏನು ಮಾಡುವುದೆಂದು ನಾನು ಹೆದರುತ್ತಾ ಕೇಳಿದೆ. ಇರಲಿ ಬಿಡು ಅಂದಳು. ಚಿಕ್ಕತಾಯಮ್ಮನ ಮಕ್ಕಳು ಹೊಲ ಮಾರಿ ಎತ್ತಲೋ ಹೋದರು, ಅವಳಿಗೂ ಯಾರಾದರೂ ಒಬ್ಬರು ಊದಿನಕಡ್ಡಿ ಹಚ್ಚಲಿ, ನಿಮ್ಮಜ್ಜಿಗೆ ಮಾತ್ರ ಹೇಳಬೇಡ ಅಂದಳು. ಮರುದಿನ ಬೆಳಿಗ್ಗೆ ತಾನೇ ಸೀರೆ ಉಟ್ಟುಕೊಂಡು ಬಂದು ಬಾಗಿಲಲ್ಲಿ ನಿಂತಳು. ಕ್ಯಾರಿಯರ್ ಬೇಡ, ಬಾಳೆಲೆ ಬೇಡ, ವನಜಾ ಬರುವುದೂ ಬೇಡ. ಕಡ್ಡಿಪುಡಿಯ ಪೊಟ್ಟಣವೊಂದೇ ಮುಷ್ಟಿಯಲ್ಲಿತ್ತು.

ಈ ಸಲ ನಾನು ಫೋಟೋ ನಂಬಲಿಲ್ಲ. ಕೆರೆ ಏರಿಯಿಂದ ಶುರುಮಾಡಿ, ಗುಡಿ ದಾಟಿ, ಬಾವಿ ಇದ್ದ ಜಾಗದಲ್ಲಿ ನಿಂತ ಅಪಾರ್ಟ್‌ಮೆಂಟಿನ ಗೇಟಿನಿಂದ ಹೊತ್ತು ಹುಟ್ಟುವ ಕಡೆಗೆ, ಅವ್ವನನ್ನು ತೋಳಿನಲ್ಲಿ ಹಿಡಿದುಕೊಂಡು ಮಾರು ಮಾರು ಎಣಿಸುತ್ತಾ ನಡೆದೆ. ಮೂವತ್ತನೆಯ ಮಾರಿಗೆ ನಾವು ನಿಂತದ್ದು ರಸ್ತೆಯ ನಡುವೆ, ಒಂದು ಹಂಪಿನ ಪಕ್ಕದಲ್ಲಿ. ಸಾಮಾನ್ಯ ಹಂಪಲ್ಲ. ಕಾರುಗಳು ಹೊಟ್ಟೆ ಉಜ್ಜಿಕೊಂಡು ದಾಟುವಂಥದ್ದು, ಸ್ಕೂಟರಿನವರು ಯಾರನ್ನೋ ಬೈದುಕೊಂಡು ಏರುವಂಥದ್ದು. ಬದುಕಿದ್ದಾಗಲೂ ಆ ದಾರಿಯಲ್ಲಿ ಯಾರನ್ನೂ ಸರಾಗವಾಗಿ ಹೋಗಲು ಬಿಟ್ಟವಳಲ್ಲ ಅಜ್ಜಿ. ಅವ್ವ ಅದನ್ನು ನೋಡಿ, ಇಲ್ಲೇ ಅಂದಳು. ನನ್ನನ್ನು ಕೇಳಲಿಲ್ಲ.

ಮಂಡಿ ಬಗ್ಗದಿದ್ದರೂ ಬಗ್ಗಿದಳು. ಪೊಟ್ಟಣ ಬಿಚ್ಚಿ ಹಂಪಿನ ಮೇಲೆ ಸುರಿದಳು. ಅಷ್ಟರಲ್ಲಿ ಒಂದು ಆಟೋ, ಅದರ ಹಿಂದೆ ಒಂದು ಕಾರು, ಎರಡು ಬೈಕು ಬಂದು ನಿಂತವು. ಹಾರನ್ ಶುರುವಾಯಿತು. ಆಯ್ತಲ್ಲ ಅವ್ವ, ಬಾ, ಡಾಕ್ಟರು ಹೇಳಿದ್ದಕ್ಕೆ ನೀನೇನು ಮಾಡೋಕಾಗುತ್ತಿತ್ತು ಎಂದು ತೋಳು ಹಿಡಿದೆ. ಅವಳು ನನ್ನ ಕೈ ಕಿತ್ತು 'ಸುಮ್ನಿರು' ಅಂದಳು.

"ಡಾಕ್ಟ್ರು ಏನೂ ಹೇಳಿರ್ಲಿಲ್ಲ ಅತ್ತೆ. ಕೇಳಿದ್ದು ಕೊಡಿ ಅಂತ್ಲೇ ಹೇಳಿದ್ರು. ನಮ್ಮಣ್ಣ ಮಾಗಡಿಯಿಂದ ನಡ್ಕೊಂಡು ಬಂದಾಗ ನೀನು ಊಟಕ್ಕೆ ಏಳು ಅನ್ಲಿಲ್ಲ. ಆ ಸಿಟ್ಟು ನಂಗೆ. ಕಡ್ಡಿಪುಡಿ ನನ್ ಸೆರಗಲ್ಲೇ ಇತ್ತು, ಗಂಟು ಹಾಕ್ಕೊಂಡು ನಿನ್ ಪಕ್ಕದಲ್ಲೇ ಕೂತಿದ್ದೆ. ಇನ್ನೊಂದ್ಸಲ ಕೇಳ್ಲಿ, ಆಮೇಲೆ ಕೊಡೋಣ ಅಂತ." ಅವ್ವ ಉಸಿರು ತೆಗೆದುಕೊಂಡಳು. "ನೀನು ಇನ್ನೊಂದ್ಸಲ ಕೇಳ್ಲೇ ಇಲ್ವಲ್ಲ."

ಹಿಂದೆ ಹಾರನ್ ಹೊಡೆಯುತ್ತಲೇ ಇದ್ದರು. ಅವ್ವನ ಮಾತು ಇನ್ನೂ ಮುಗಿದಿರಲಿಲ್ಲ. ನಾನು ಎರಡೂ ಕೈ ಚಾಚಿ ರಸ್ತೆಗೆ ಅಡ್ಡ ನಿಂತೆ.